ಓಣಿ, ಪೇಟೆ, ಪ್ಲಾಟು

ಊರಿನ ಇತಿಹಾಸವೆಂದರೆ ಊರನ್ನು ಆಳಿದವರ ಇತಿಹಾಸ ಎಂಬ ಭಾವನೆ ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿದೆ. ದೊರೆ ಪಟ್ಟಕ್ಕೆ ಬಂದ ಇಸವಿಯನ್ನೂ ಕಾಲವಾದ ಇಸವಿಯನ್ನೂ ತಪ್ಪದೆ ಒಪ್ಪಿಸುವ ವಿದ್ಯಾರ್ಥಿಯನ್ನು, ‘ನಿಮ್ಮ ಓಣಿಗೆ ಆ ಹೆಸರು ಬಂದದ್ದೇಕೆ?’ ಎಂದು ಕೇಳಿ ನೋಡಿ, ತಬ್ಬಿಬ್ಬಾಗುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಓಣಿಗೂ ಒಂದು ಇತಿಹಾಸ ಉಂಟೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅರಮನೆಗೆ ದಫ್ತರವಿರುತ್ತದೆ, ಗುಡಿಗೆ ಶಾಸನವಿರುತ್ತದೆ. ಓಣಿಗೆ ಇರುವ ಕೈಫಿಯತ್ತೆಂದರೆ ಅದರ ಹೆಸರೊಂದೇ.

ಈ ಮಾತನ್ನು ಪರೀಕ್ಷಿಸಲು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಗಿಂತ ಒಳ್ಳೆಯ ಸ್ಥಳ ಸಿಕ್ಕುವುದು ಕಷ್ಟ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ, ನಡುವೆ ಎರೆ ಭೂಮಿ. ಬೆಳಿಗ್ಗೆ ಬಸ್ಸು ಹತ್ತಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಈ ನಾಲ್ಕೂ ಕಡೆ ಮುಖ ತೋರಿಸಿ ಬರಬಹುದು. ಆದರೆ 1948ಕ್ಕೆ ಮೊದಲು ಹೀಗೆ ಹೊರಟವನು ದಾರಿಯಲ್ಲಿ ನಾಲ್ಕು ಸರಕಾರಗಳನ್ನು ದಾಟಬೇಕಾಗಿತ್ತು. ಜಮಖಂಡಿ ಪಟವರ್ಧನರದು, ಅವರ ಸಂಸ್ಥಾನ 1811ರಿಂದ ಪ್ರತ್ಯೇಕವಾಗಿ ನಡೆದುಬಂದದ್ದು. ಮುಧೋಳ ಘೋರ್ಪಡೆಯವರದು. ರಬಕವಿ ಮತ್ತು ತೇರದಾಳ ಸಾಂಗಲಿಯ ಪಟವರ್ಧನರಿಗೆ ಸೇರಿದ್ದವು. ಬೀಳಗಿ ಮಾತ್ರ ಇಂಗ್ಲಿಷರ ನೇರ ಆಡಳಿತದಲ್ಲಿದ್ದ ಬಿಜಾಪುರ ಜಿಲ್ಲೆಯ ಊರು. ಇದರಲ್ಲಿ ಅತ್ಯಂತ ವಿಚಿತ್ರವಾದದ್ದು ರಬಕವಿ-ಬನಹಟ್ಟಿಯ ಸಂಗತಿ. ಈ ಊರುಗಳ ಹೆಸರನ್ನು ಇಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ನಡುವೆ ಒಂದು ಅಡ್ಡಗೆರೆ ಎಳೆದು ಬರೆಯುತ್ತೇವೆ. ಆ ಅಡ್ಡಗೆರೆ ಹಿಂದೆ ಎರಡು ರಾಜ್ಯಗಳ ಗಡಿಯಾಗಿತ್ತು. ರಬಕವಿ ಸಾಂಗಲಿಗೆ ಸೇರಿದ್ದರೆ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಎರಡೂ ಕಡೆ ಅದೇ ಮಗ್ಗ, ಅದೇ ನೂಲು, ಅದೇ ಮಾತು, ಬೀಗತನವೂ ಉಂಟು. ದೊರೆ ಮಾತ್ರ ಬೇರೆ, ಕಚೇರಿ ಬೇರೆ, ದಫ್ತರ ಬೇರೆ.

1948ರ ಮಾರ್ಚಿ 8ರಂದು ದಕ್ಷಿಣದ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2018ರಲ್ಲಿ ರಬಕವಿ-ಬನಹಟ್ಟಿ ತಾನೇ ಒಂದು ತಾಲೂಕಾಯಿತು. ಮುಧೋಳ ಸಂಸ್ಥಾನದಲ್ಲಿದ್ದ ಮಹಾಲಿಂಗಪುರವೂ ಅದರೊಳಗೆ ಬಂದಿತು. ಹೀಗೆ ಮೂರು ದೊರೆಗಳ ಪ್ರಜೆಗಳ ಮೊಮ್ಮಕ್ಕಳು ಇಂದು ಒಬ್ಬ ತಹಶೀಲ್ದಾರರ ಮುಂದೆ ಸಾಲು ಹಿಡಿದು ನಿಲ್ಲುತ್ತಾರೆ. ಗಡಿಗಳು ಅಳಿಸಿ ಹೋದವು. ಆದರೆ ಓಣಿಗಳಿಗೆ ಇಟ್ಟ ಹೆಸರುಗಳು ಅಷ್ಟು ಬೇಗ ಅಳಿಸಲಿಲ್ಲ.

ಶಬ್ದಗಳನ್ನೇ ಸ್ವಲ್ಪ ವಿಚಾರಿಸೋಣ. ಪಂಡಿತ ಪರೀಕ್ಷೆಗೆ ಓದಿದವನ ಚಟ ಇದು, ವಾಚಕರು ಸಹಿಸಿಕೊಳ್ಳಬೇಕು. ಜನವಸತಿಯನ್ನು ಸೂಚಿಸುವ ನಮ್ಮ ಮಾತುಗಳಲ್ಲಿ ಹಳೆಯದು ‘ಕೇರಿ’. ಶಾಸನಗಳಲ್ಲಿ ಇದೆ, ಹಳಗನ್ನಡ ಕಾವ್ಯಗಳಲ್ಲಿ ಇದೆ. ಅಲ್ಲಿ ಅದಕ್ಕೆ ಬೀದಿ, ವಸತಿ ಎಂದಷ್ಟೇ ಅರ್ಥ. ಸೂಳೆಗೇರಿಯೂ ಕೇರಿಯೇ, ಬ್ರಾಹ್ಮಣರ ಕೇರಿಯೂ ಕೇರಿಯೇ. ಕಾಲ ಸಂದಂತೆ ಆ ಶಬ್ದದ ಮೇಲೆ ಧೂಳು ಕುಳಿತಿತು. ಊರ ಅಂಚಿಗೆ ನೂಕಲ್ಪಟ್ಟವರ ವಸತಿಗೆ ಮಾತ್ರ ಕೇರಿ ಎಂಬ ಹೆಸರು ಉಳಿದು, ಊರೊಳಗಿನವರದು ‘ಓಣಿ’ ಆಯಿತು. ಮರಾಠರ ಆಳಿಕೆಯ ಕಾಲಕ್ಕೆ ‘ಗಲ್ಲಿ’, ‘ವಾಡೆ’, ‘ಚೌಕ’ಗಳು ಬಂದವು. ‘ಪೇಟೆ’ ನಮ್ಮಲ್ಲಿ ಮೊದಲೇ ಇದ್ದರೂ, ವಾರದ ಹೆಸರನ್ನು ಅದಕ್ಕೆ ಜೋಡಿಸಿ ‘ಸೋಮವಾರ ಪೇಟೆ’, ‘ಮಂಗಳವಾರ ಪೇಟೆ’ ಎಂದು ಕರೆಯುವ ಪದ್ಧತಿ ಪುಣೆಯ ಕಡೆಯದು. ಪುಣೆಯಲ್ಲಿ ಉಂಟು, ಸೊಲ್ಲಾಪುರದಲ್ಲಿ ಉಂಟು, ಬನಹಟ್ಟಿಯಲ್ಲಿಯೂ ಉಂಟು. ಪಟವರ್ಧನರು ಪೇಶ್ವೆಯರ ಸರದಾರರಾಗಿದ್ದವರು. ಅವರೊಂದಿಗೆ ದಫ್ತರದ ಮೋಡಿ ಅಕ್ಷರ ಬಂದಂತೆ ಪೇಟೆಯ ಹೆಸರಿಡುವ ಕ್ರಮವೂ ಬಂದಿರಬೇಕು. ದಫ್ತರದ ಭಾಷೆ ಮರಾಠಿ, ಮಗ್ಗದ ಮುಂದಿನ ಭಾಷೆ ಕನ್ನಡ. ಓಣಿಯ ಹೆಸರು ಎರಡರ ಕೂಡಿಕೆ. ಬನ, ಹಟ್ಟಿ ಎಂಬ ಎರಡು ಅಚ್ಚಗನ್ನಡ ಶಬ್ದಗಳು ಸೇರಿ ಆದ ಊರಿನೊಳಗೆ ಮಂಗಳವಾರ ಪೇಟೆ ಇರುವುದು ಈ ಸೀಮೆಯ ಚರಿತ್ರೆಯ ಸಾರಾಂಶವೇ ಸರಿ.

ಪೇಟೆ ಎಂಬುದು ಇಲ್ಲಿಗೆ ಹೊಸದಲ್ಲವೆಂದೆ. ರಬಕವಿಗೆ ಹತ್ತಿರದ ತೇರದಾಳದಲ್ಲಿ ಗೊಂಕನೆಂಬ ಮಾಂಡಲಿಕ ಕಟ್ಟಿಸಿದ ನೇಮಿನಾಥ ಬಸದಿ ಇದೆ. ಅಲ್ಲಿಯ ಶಾಸನ 1123ರ ಸುಮಾರಿನದು. ಆಗ ತೇರದಾಳವು ಕೂಂಡಿ ಮೂರು ಸಾವಿರದೊಳಗಿನ ಹನ್ನೆರಡು ಹಳ್ಳಿಗಳ ಗುಂಪಿಗೆ ಮುಖ್ಯ ಪಟ್ಟಣ. ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವೀರಬಣಂಜು ವ್ಯಾಪಾರಿಗಳ ಹೆಸರು ಆ ಊರಿನ ಶಾಸನಗಳಲ್ಲಿ ಬರುತ್ತದೆ. ಎಂದರೆ ದೊರೆಗಳು ಬದಲಾಗುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಸರಕು ತರುವವರೂ ಕೊಳ್ಳುವವರೂ ನೆಲೆಯಾಗಿದ್ದರು. ನೇಕಾರನು ನೆಲೆ ನಿಲ್ಲುವುದು ಇಂಥ ವ್ಯಾಪಾರಿಯ ಬೆನ್ನಿಗೆ. ನೂಲು ತರುವವನಿಲ್ಲದೆ, ಸೀರೆ ಒಯ್ಯುವವನಿಲ್ಲದೆ ಮಗ್ಗ ನಡೆಯುವುದಿಲ್ಲ. ಸಾಂಗಲಿಯವರಿಗೆ ಬೆಳಗಾವಿಗೆ ಅಂಟಿಕೊಂಡಿದ್ದ ಶಹಾಪುರವೂ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅದೂ ನೇಕಾರರ ಊರೇ.

ಇನ್ನು ನೇಕಾರರ ಓಣಿಗೆ ಬರೋಣ. ಈ ವಿಷಯದಲ್ಲಿ ತುಸು ನಿಧಾನವಾಗಿಯೇ ನಡೆಯಬೇಕು.

ರಬಕವಿ ಬನಹಟ್ಟಿಗಳಲ್ಲಿ ನೇಯುವವರು ಒಂದೇ ಕುಲದವರಲ್ಲ. ಹಟಗಾರರಿದ್ದಾರೆ, ದೇವಾಂಗರಿದ್ದಾರೆ, ಕುರುಹಿನಶೆಟ್ಟರಿದ್ದಾರೆ, ಮನೆಯಲ್ಲಿ ಮರಾಠಿ ಆಡುವ ಸ್ವಕುಳಸಾಳಿಯವರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಒಬ್ಬರ ಮನೆದೇವರು ಬನಶಂಕರಿ, ಇನ್ನೊಬ್ಬರದು ಬೇರೆ. ಒಬ್ಬರು ಲಿಂಗ ಕಟ್ಟಿದವರು, ಇನ್ನೊಬ್ಬರು ಜನಿವಾರ ಹಾಕಿದವರು. ಕಾಡಸಿದ್ಧೇಶ್ವರನ ಜಾತ್ರೆ ಬಂದರೆ ಬನಹಟ್ಟಿಯಲ್ಲಿ ಈ ಭೇದಗಳು ಹಿಂದೆ ಸರಿಯುತ್ತವೆ. ಜಾತ್ರೆ ಮುಗಿದ ಮರುದಿನ ತಮ್ಮ ತಮ್ಮ ಓಣಿಗೆ ಮರಳುತ್ತವೆ. ಆದರೂ ಈ ಎಲ್ಲ ಓಣಿಗಳಿಗೆ ಒಂದು ಸಮಾನವಾದ ಆಕಾರವಿತ್ತು. ಆ ಆಕಾರವನ್ನು ಕೊಟ್ಟದ್ದು ಜಾತಿಯಲ್ಲ, ದೊರೆಯೂ ಅಲ್ಲ, ಮಗ್ಗ.

ಹಳೆಯ ಕೈಮಗ್ಗವನ್ನು ನೆಲದಲ್ಲಿ ಕುಣಿ ತೋಡಿ ಹೂಡುತ್ತಿದ್ದರು. ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು ನೆಲದ ಮಟ್ಟದಲ್ಲಿ ಕುಳಿತುಕೊಳ್ಳುವನು. ಮಣ್ಣಿನ ತಂಪು ನೂಲಿಗೆ ಬೇಕು; ಒಣಗಿದ ಎಳೆ ಪಟಪಟನೆ ಹರಿಯುತ್ತದೆ. ಆದುದರಿಂದ ಮನೆಯ ಮುಂದಿನ ಪಡಸಾಲೆಯೇ ಮಗ್ಗದ ಮನೆ, ನೆಲ ಮಣ್ಣಿನದು, ಮಾಳಿಗೆ ಮಣ್ಣಿನದು. ಒಳಗೆ ಹೆಣ್ಣುಮಕ್ಕಳು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತಬೇಕು. ಗಂಡ ನೇಯ್ದ ಸೀರೆಯೆಂದು ಲೆಕ್ಕದಲ್ಲಿ ಬರೆದರೂ ಅದರಲ್ಲಿ ಅರ್ಧ ಶ್ರಮ ಹೆಂಡತಿಯದು, ಮುದುಕಿಯದು, ಶಾಲೆಯಿಂದ ಬಂದ ಮಗುವಿನದು. ಇದು ಮನೆಯೊಳಗಿನ ಮಾತಾಯಿತು. ಹಾಸಿನ ಕೆಲಸ ಮಾತ್ರ ಮನೆಯೊಳಗೆ ಹಿಡಿಸುವಂಥದಲ್ಲ. ಆ ಕಾಲದ ಸೀರೆ ಎಂಟು ಒಂಬತ್ತು ಗಜದ್ದು. ಎರಡು ಮೂರು ಸೀರೆಗೆ ಸಾಲುವ ಹಾಸನ್ನು ಉದ್ದಕ್ಕೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ, ಎಳೆಗೆ ಎಳೆ ಅಂಟದಂತೆ ಬಿಡಿಸಿ ಒಣಗಿಸಬೇಕು. ಅದಕ್ಕೆ ನೇರವಾದ, ಉದ್ದವಾದ, ಗಾಡಿಯ ಓಡಾಟ ಕಡಿಮೆಯಿದ್ದ ಓಣಿ ಬೇಕು. ಬೆಳಗಿನ ಎಳೆಬಿಸಿಲು ಬೀಳುವ ಹೊತ್ತಿಗೆ ಓಣಿಯೇ ಕಾರ್ಖಾನೆ. ಒಬ್ಬರ ಹಾಸಿಗೆ ನಾಲ್ಕು ಮನೆಯವರ ಕೈ ಬೇಕು. ಇಂದು ನಿಮ್ಮದು, ನಾಳೆ ನಮ್ಮದು. ಒಳಗಿನ ಜಗಳವಿದ್ದರೂ ಹಾಸಿನ ಹೊತ್ತಿಗೆ ಮಾತು ಬಿಡುವಂತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಓಣಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳನ್ನು, “ಅಜ್ಜೀ, ಓಣಿ ಮೊದಲೂ ಇಷ್ಟ ಅಗಲ ಇತ್ತೇನು?” ಎಂದು ಕೇಳಿದೆ. ಅವಳು ನಕ್ಕಳು. “ಅಗಲ ಅಷ್ಟ ಐತ್ರಿ ಮಾಸ್ತರ. ಆವಾಗ ನಾವು ಹಾಸ ಕಟ್ಟಿದ್ರ ಬಂಡಿ ನಿಂತು ದಾರಿ ಕಾಯ್ತಿತ್ತು. ಈಗ ಮೋಟಾರ್ ಸೈಕಲ್ಲಿಗೆ ನಾವ ದಾರಿ ಬಿಡಬೇಕ್ರಿ” ಎಂದಳು. ಒಂದು ರಸ್ತೆಯ ಒಡೆತನ ಯಾರಿಂದ ಯಾರಿಗೆ ಹೋಯಿತೆಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಯಾರು ಹೇಳಿಯಾರು?

ವಿದ್ಯುತ್ತು ಬಂದಿತು, ಅದರ ಹಿಂದೆ ವಿದ್ಯುತ್ ಮಗ್ಗ ಬಂದಿತು. ನಮ್ಮ ನೆರೆಯ ಇಚಲಕರಂಜಿಯಲ್ಲಿ ಅಲ್ಲಿಯ ಜಹಗೀರದಾರ ಘೋರ್ಪಡೆಯವರ ಆಶ್ರಯದಲ್ಲಿ 1904ರಲ್ಲಿಯೇ ಮೊದಲ ಯಂತ್ರಮಗ್ಗ ಹೂಡಿದ್ದರು. ಅಲ್ಲಿಯ ಗಾಳಿ ಇತ್ತ ಬೀಸಿದ್ದರಲ್ಲಿ ಆಶ್ಚರ್ಯವಿಲ್ಲ. ಯಂತ್ರಮಗ್ಗಕ್ಕೆ ಕುಣಿ ಬೇಡ, ಗಟ್ಟಿ ನೆಲ ಬೇಕು. ಮಣ್ಣಿನ ಪಡಸಾಲೆಗೆ ಶಹಾಬಾದಿ ಕಲ್ಲು, ಸಿಮೆಂಟು ಬಂದವು. ಮಾಳಿಗೆ ತೆಗೆದು ತಗಡು ಹಾಕಿದರು. ಗಂಜಿ ಹಚ್ಚುವ ಕೆಲಸ ಓಣಿಯಿಂದ ಎದ್ದು ಸೈಜಿಂಗ್ ಕಾರ್ಖಾನೆಗೆ ಹೋಯಿತು. ಓಣಿ ಬರಿಯ ದಾರಿಯಾಯಿತು. ನೆರೆಯವನ ಕೈ ಬೇಡವಾದಾಗ ನೆರೆಯವನ ಗೋಡೆ ಅಡ್ಡವಾಗಿ ಕಾಣತೊಡಗಿತು. ಕಟ್ಟೆಗಳು ಒಡೆದು ಅಂಗಡಿಗಳಾದವು. ಕೈಮಗ್ಗದವನು ತನ್ನ ಮನೆಯಲ್ಲಿ ತಾನು ನೇಯುತ್ತಿದ್ದ. ನೂರಾರು ಮಗ್ಗಗಳ ಓಣಿಯಲ್ಲಿ ಈಗ ಕೆಲವರು ಮಗ್ಗದ ಮಾಲಕರಾದರು, ಹಲವರು ಅವರಲ್ಲಿ ಕೂಲಿ ನೇಕಾರರಾದರು. ಸಾಲ ಮೊದಲೂ ಇತ್ತು, ಸಾಹುಕಾರನೂ ಇದ್ದ; ಅವನನ್ನು ಸತ್ಯಹರಿಶ್ಚಂದ್ರನೆಂದು ನಾನು ವರ್ಣಿಸಲಾರೆ. ಆದರೆ ಒಂದೇ ಓಣಿಯೊಳಗೆ ಒಂದು ಮನೆ ಮೂರಂತಸ್ತಿಗೆ ಏರಿ, ಪಕ್ಕದ ಮನೆ ತಗಡಿನಲ್ಲಿಯೇ ಉಳಿದದ್ದು ಈ ಯಂತ್ರದ ಕಾಲದಲ್ಲಿ.

ಇಲ್ಲಿ ರೇಡಿಯೋ ಕುರಿತು ಒಂದು ಮಾತು ಬರೆಯಬಹುದಲ್ಲವೆ? ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಪ್ರಾರಂಭವಾಯಿತು. ಕೈಮಗ್ಗದ ಮನೆಯ ಗೂಡಿನಲ್ಲಿ ರೇಡಿಯೋ ಇಟ್ಟು ನೇಯುವುದು ಸುಖದ ಕೆಲಸ. ಲಾಳಿಯ ಸದ್ದಿಗೂ ಹಾಡಿನ ತಾಳಕ್ಕೂ ವಿರೋಧವಿಲ್ಲ. ಯಂತ್ರಮಗ್ಗದ ಮನೆಯಲ್ಲಿ ರೇಡಿಯೋ ಹಾಗಿರಲಿ, ಎದುರಿಗೆ ನಿಂತವನ ಮಾತೇ ಕೇಳದು. ಈ ಊರುಗಳವರು ಸ್ವಲ್ಪ ಎತ್ತರದ ದನಿಯಲ್ಲಿ ಮಾತಾಡುತ್ತಾರೆಂದು ಪರಸ್ಥಳದವರು ತಮಾಷೆ ಮಾಡುವುದುಂಟು. ಅದರ ಕಾರಣ ಮಗ್ಗದ ಪಕ್ಕದಲ್ಲಿ ಅರ್ಧ ತಾಸು ನಿಂತವರಿಗೆ ತಿಳಿಯುತ್ತದೆ.

ಕೈಮಗ್ಗವನ್ನು ಉಳಿಸಲು ಸರಕಾರ ಕೈಕಟ್ಟಿ ಕುಳಿತಿರಲಿಲ್ಲ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ನೂಲು ಕೊಟ್ಟು ಬಟ್ಟೆ ಪಡೆದು ಕೂಲಿ ಕೊಡುವ ವ್ಯವಸ್ಥೆ ಬಂದಿತು. ಮನೆಯೂ ಮಗ್ಗದ ಕೋಣೆಯೂ ಕೂಡಿರುವ ನೇಕಾರರ ವಸಾಹತು ಕಟ್ಟಿಸಿದರು. ಹೀಗೆ ಊರ ಹೊರಗೆ ಹೊಸದೊಂದು ಓಣಿ ಹುಟ್ಟಿತು. ಅದಕ್ಕೆ ಕಾಲನಿ ಎಂದು ಹೆಸರು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾದಿಡುವ ಕಾನೂನೂ ಆಯಿತು. ಕಾನೂನು ದಿಲ್ಲಿಯಲ್ಲಿ ಇದ್ದಷ್ಟು ಬಲವಾಗಿ ಓಣಿಯಲ್ಲಿ ಇರಲಿಲ್ಲವೆಂಬುದನ್ನು ಹೇಳಲೇಬೇಕು. 2020ರಲ್ಲಿ ದೇಶವೇ ಬಾಗಿಲು ಮುಚ್ಚಿಕೊಂಡಾಗ ನೇಯ್ದ ಸೀರೆ ಕೊಳ್ಳುವವರಿಲ್ಲದೆ ಮನೆಗಳಲ್ಲಿ ರಾಶಿ ಬಿದ್ದವು. ಮಗ್ಗವನ್ನು ನಂಬಿದ ಮನೆಯವರು ಮಕ್ಕಳನ್ನು ಬೇರೆ ಉದ್ಯೋಗಕ್ಕೆ ಕಳಿಸುವ ಮಾತು ಅಂದಿನಿಂದ ಹೆಚ್ಚಾಗಿದೆ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿದರೆ ತಂದೆಯ ಉದ್ಯೋಗವೆಂಬ ಅಂಕಣದಲ್ಲಿ ಪುಟದ ಮೇಲಿನಿಂದ ಕೆಳಗಿನವರೆಗೆ ‘ನೇಕಾರಿಕೆ’, ‘ನೇಕಾರಿಕೆ’ ಎಂದೇ ಇರುವ ಹಾಳೆಗಳು ಸಿಗುತ್ತವೆ. ಅದರ ಕೆಳಗೆ ‘ಸದರ’ ಎಂದು ಗೆರೆ ಎಳೆದ ಗುಮಾಸ್ತರೂ ಉಂಟು. ಇತ್ತೀಚಿನ ಹಾಳೆಗಳಲ್ಲಿ ಅಂಥ ಗೆರೆ ಎಳೆಯಲು ಬರುವುದಿಲ್ಲ: ಡ್ರೈವರು, ಗೌಂಡಿ, ಕಿರಾಣಿ, ಮೊಬೈಲು ಅಂಗಡಿ, ಸಕ್ಕರೆ ಕಾರ್ಖಾನೆ.

ಆದರೂ ಒಂದು ಅಂಕಿ ಗಮನಾರ್ಹವಾಗಿದೆ. 2011ರ ಜನಗಣತಿಯಲ್ಲಿ ಜಮಖಂಡಿ ಪಟ್ಟಣದ ಜನಸಂಖ್ಯೆ 68,938. ರಬಕವಿ-ಬನಹಟ್ಟಿ ನಗರಸಭೆಯದು 77,004. ರಬಕವಿ, ಬನಹಟ್ಟಿಗಳ ಜೊತೆಗೆ ರಾಮಪುರ, ಹೊಸೂರುಗಳೂ ಈ ನಗರಸಭೆಯಲ್ಲಿ ಕೂಡಿವೆಯೆಂಬುದು ನಿಜ. ಹಾಗಿದ್ದರೂ ಅರಮನೆಯ ಊರಿಗಿಂತ ಮಗ್ಗದ ಊರು ದೊಡ್ಡದಾಯಿತೆಂಬ ಮಾತು ನಿಲ್ಲುತ್ತದೆ. ಸಂಸ್ಥಾನದ ದಫ್ತರದಲ್ಲಿ ಕುಳಿತಿದ್ದ ಯಾವ ಕಾರಭಾರಿಯೂ ಇದನ್ನು ಎಣಿಸಿರಲಾರ.

ಜಮಖಂಡಿಯ ರೀತಿಯೇ ಬೇರೆ. ಜಂಬುಕೇಶ್ವರನ ಗುಡಿಯಿಂದ ಊರಿಗೆ ಹೆಸರು ಬಂತೆನ್ನುತ್ತಾರೆ. 1901ರಲ್ಲಿ ಇಲ್ಲಿ ಇದ್ದ ಜನ 13,029. ದೊರೆಗಳು ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಕಟ್ಟಿಕೊಂಡರು, ಕೆಳಗೆ ಊರು. ಗುಡ್ಡಕ್ಕೆ ಹತ್ತಿರವಾದಷ್ಟೂ ಮರಾಠಿ ಹೆಚ್ಚು, ದೂರವಾದಷ್ಟೂ ಕನ್ನಡ ಹೆಚ್ಚು ಎಂದು ಹಿರಿಯರು ಹೇಳುತ್ತಿದ್ದುದುಂಟು. ಅದು ಅರ್ಧ ವಿನೋದ, ಅರ್ಧ ನಿಜ. ಸಂಸ್ಥಾನದ ಸಣ್ಣ ರಾಜಧಾನಿಗಳನ್ನು ಹಳಿಯುವವರು ಅವುಗಳ ಶಾಲೆಗಳನ್ನು ಮರೆಯಬಾರದು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಓದಿದ್ದು ಇಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ. ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು ಇದೇ ಊರಿನಲ್ಲಿ ವಕೀಲಿ ಮಾಡಿ, ಪುರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಯಾಗಿ, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1974ರಲ್ಲಿ ಭಾರತದ ಉಪರಾಷ್ಟ್ರಪತಿಯಾದರು. ಓಣಿಯ ಗಟಾರು, ದೀಪ, ನೀರುಗಳ ಲೆಕ್ಕ ನೋಡಿದವರು ಉಪರಾಷ್ಟ್ರಪತಿಗಳಾದದ್ದು ಪುರಸಭೆಯ ಸದಸ್ಯರೆಲ್ಲರೂ ಆಗಾಗ ನೆನೆಯತಕ್ಕ ಸಂಗತಿ.

ಅರಮನೆಯ ದರ್ಬಾರು ಮುಗಿದ ಮೇಲೆ ಜಮಖಂಡಿಯ ಓಣಿಗಳನ್ನು ಬದಲಿಸಿದ್ದು ನೀರು. ಕೃಷ್ಣೆ ಮಳೆಗಾಲದಲ್ಲಿ ದಂಡೆ ಮೀರಿ ಹರಿದು ಬೇಸಗೆಯಲ್ಲಿ ಬತ್ತುವ ನದಿ. ಸರಕಾರದ ದಾರಿ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಕೂಡಿಸಿ, ತಾವೇ ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಹತ್ತಿರ 1989ರಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂದು ಹೆಸರಾಯಿತು. ಹೆಸರಿಡುವುದರಲ್ಲಿ ನಮ್ಮ ರೈತರು ಪಂಡಿತರಿಗೆ ಕಡಿಮೆಯೇನಲ್ಲ. ನೀರು ನಿಂತಿತು, ಕಬ್ಬು ಬಂದಿತು, ಕಬ್ಬಿನ ಹಣ ಬಂದಿತು. ಆ ಹಣ ಹಳ್ಳಿಯಲ್ಲಿ ನಿಲ್ಲಲಿಲ್ಲ. ಮಕ್ಕಳ ವಿದ್ಯಾಭ್ಯಾಸದ ನೆವದಿಂದ ಜಮಖಂಡಿಗೆ, ಮುಧೋಳಕ್ಕೆ ಬಂದು ‘ಪ್ಲಾಟು’ ಹಿಡಿಯಿತು.

ಈ ಪ್ಲಾಟು ಎಂಬ ಶಬ್ದಕ್ಕೆ ನಮ್ಮ ನಿಘಂಟುಗಳಲ್ಲಿ ನಿವೇಶನ ಎಂದು ಅರ್ಥ ಕೊಟ್ಟಿದೆ. ಜನರ ಬಾಯಲ್ಲಿ ಅದರ ಅರ್ಥ ಅದಕ್ಕಿಂತ ದೊಡ್ಡದು. ಪ್ಲಾಟಿಗೆ ಹೋದ ಎಂದರೆ ಓಣಿ ಬಿಟ್ಟ ಎಂದರ್ಥ. ಓಣಿಯ ಮನೆಗೆ ಗೋಡೆ ಕೂಡು, ಪ್ಲಾಟಿನ ಮನೆಗೆ ಸುತ್ತ ಕಂಪೌಂಡು. ಓಣಿಗೆ ಕಸುಬಿನ ಹೆಸರು, ಮನೆತನದ ಹೆಸರು, ದೇವರ ಹೆಸರು, ಪ್ಲಾಟಿಗೆ ಸಂಖ್ಯೆ. ಅದರ ಮೇಲೆ ಯಾವುದೋ ಒಂದು ‘ನಗರ’ವೆಂಬ ಹೆಸರು ಕೂಡುತ್ತದೆ, ಜಮಖಂಡಿಯ ಗಿರೀಶ ನಗರದಂಥ ಹೆಸರನ್ನು ಕೇಳಿ ಅಲ್ಲಿಯವರು ಏನು ಮಾಡುತ್ತಾರೆಂದು ಊಹಿಸಲು ಬಾರದು. ನೇಕಾರ, ಕಂಬಾರ, ಬಳೆಗಾರ ಎಂಬ ಗುರುತು ಅಲ್ಲಿ ಇಲ್ಲ.

ಇದನ್ನು ಹಾನಿಯೆಂದೇ ಎಣಿಸಿ ಕಣ್ಣೀರು ಹಾಕುವವರ ಗುಂಪಿಗೆ ನಾನು ಸೇರಲಾರೆ. ಓಣಿಯ ಹೆಸರು ಕಸುಬನ್ನು ಹೇಳುತ್ತಿತ್ತು ಎಂದೆವಷ್ಟೆ. ಅದರೊಡನೆ ಹುಟ್ಟನ್ನೂ ಹೇಳುತ್ತಿತ್ತು. ಕೇರಿಯವನು ಎಂಬ ಒಂದು ಮಾತಿನಿಂದ ಒಬ್ಬ ಮನುಷ್ಯನು ಬಾವಿಯ ಯಾವ ಕಡೆ ನಿಲ್ಲಬೇಕು, ಹೋಟೆಲಿನ ಯಾವ ಕಪ್ಪು ಹಿಡಿಯಬೇಕು ಎಂಬುದು ನಿಶ್ಚಯವಾಗುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಹಾಸಿನ ಹೊತ್ತಿಗೆ ನಾಲ್ಕು ಮನೆಯ ಕೈ ಕೂಡುತ್ತಿದ್ದವೆಂದು ನಾನು ಬರೆದ ಆ ನಾಲ್ಕು ಮನೆಗಳು ಒಂದೇ ಜಾತಿಯವಾಗಿರುತ್ತಿದ್ದವು. ಸಂಖ್ಯೆಗೆ ಜಾತಿಯಿಲ್ಲ. ಪ್ಲಾಟು ನಂಬರು ಇಂತಿಷ್ಟು ಎಂದು ವಿಳಾಸ ಬರೆಯುವ ಹುಡುಗನ ಮುಖದಲ್ಲಿ ಕೆಲವೊಮ್ಮೆ ನಾನು ಕಾಣುವ ನೆಮ್ಮದಿಯನ್ನು ಅಲ್ಲಗಳೆಯುವಂತಿಲ್ಲ. ಹಾಗೆಂದು ಪ್ಲಾಟು ಎಲ್ಲರಿಗೂ ಬಾಗಿಲು ತೆರೆದಿದೆಯೆ? ಬಾಡಿಗೆ ಮನೆ ಕೇಳಲು ಹೋದವನನ್ನು ಮೊದಲು ಅಡ್ಡಹೆಸರು ಕೇಳುವ ಪದ್ಧತಿ ಹೊಸ ನಗರಗಳಲ್ಲಿಯೂ ನಿಂತಿಲ್ಲ. ಕೇರಿಯ ಅಂಚು ನೆಲದ ಮೇಲಿಂದ ಅಳಿಸಿ ಬಾಯಿಯ ಮೇಲೆ ಉಳಿದಿದೆ.

ಮುಧೋಳದ ಮಾತು ಬಂದಾಗ ರನ್ನನನ್ನು ಬಿಡುವಂತಿಲ್ಲ. ಮುದುವೊಳಲಿನಲ್ಲಿ 949ರಲ್ಲಿ ಹುಟ್ಟಿದ ಈ ಕವಿ ಬಳೆಗಾರರ ಮನೆಯವನು. ಬಳೆ ಮಾರುವವರ ಮಗ ಕವಿಚಕ್ರವರ್ತಿಯಾದ. ಇಂದು ಅವನ ಹೆಸರನ್ನು ಹೊತ್ತ ರನ್ನನಗರ ಇರುವುದು ತಿಮ್ಮಾಪುರದ ಸಹಕಾರಿ ಸಕ್ಕರೆ ಕಾರ್ಖಾನೆಯ ಬಳಿ. ಕಾವ್ಯದಲ್ಲಿ ಗದೆಯ ಸಪ್ಪಳ ಕೇಳಿಸಿದವನ ಹೆಸರಿನ ಕೆಳಗೆ ಕಬ್ಬು ಅರೆಯುವ ಸಪ್ಪಳ! ಆದರೂ ಇದು ನನಗೆ ಅನುಚಿತವಾಗಿ ಕಾಣ���ವುದಿಲ್ಲ. ದುಡಿಯುವವರ ಓಣಿಯಿಂದ ಬಂದವನು ದುಡಿಯುವವರ ವಸಾಹತಿಗೆ ಹೆಸರಾದ. ಮುಧೋಳದ ತಗ್ಗಿನ ಓಣಿಗಳಿಗೆ ಘಟಪ್ರಭೆಯ ಭಯ ಮೊದಲಿನಿಂದಲೂ ಉಂಟು. 2019ರ ಆಗಸ್ಟಿನ ಪ್ರವಾಹದಲ್ಲಿ ನೀರು ಮನೆಗಳನ್ನು ಹೊಕ್ಕಿತು. ನೀರು ಇಳಿದ ಮೇಲೆ ಎತ್ತರದ ಪ್ಲಾಟುಗಳ ಬೆಲೆ ಏರುವುದು ಸಹಜ. ನದಿಯೂ ಒಂದು ರೀತಿಯಲ್ಲಿ ನಗರ ಯೋಜನೆ ಮಾಡುತ್ತದೆ.

ಆ ಮಾತು ಪೂರ್ತಿಯಾಗಿ ಒಪ್ಪುವುದು ಬೀಳಗಿಯ ಸೀಮೆಗೆ. ಅರೆತ್ತಿನ ಬಾವಿಯೆಂಬ ಹಳೆಯ ಕಟ್ಟಡವಿರುವ ಈ ಚಿಕ್ಕ ಊರು ತಾನು ಹೆಚ್ಚು ಬದಲಾಗಲಿಲ್ಲ. ಅದರ ಸುತ್ತಲಿನ ಹಳ್ಳಿಗಳು ಎದ್ದು ನಡೆದವು. ಆಲಮಟ್ಟಿಯಲ್ಲಿ ಲಾಲ್‌ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅಣೆಕಟ್ಟು ಮುಗಿದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವಿನ ನಾಲ್ವತ್ತು ವರ್ಷಗಳಲ್ಲಿ ಹೆರಕಲ್, ಅನಗವಾಡಿ, ಕೊರ್ತಿಯಂಥ ಊರುಗಳ ಜನ ತಮ್ಮ ಅಗಸಿ, ಹನುಮಪ್ಪನ ಗುಡಿ, ಬಾವಿಕಟ್ಟೆಗಳನ್ನು ನೀರಿಗೆ ಬಿಟ್ಟು ಮೇಲಕ್ಕೆ ಬಂದರು. ಹೊಸ ಜಾಗಕ್ಕೆ ‘ಪುನರ್ವಸತಿ ಕೇಂದ್ರ’ವೆಂದು ಹೆಸರು. ಊರು ಎಂಬ ಎರಡಕ್ಷರದ ಬದಲು ಇಷ್ಟುದ್ದದ ಮಾತು. ಬಸ್ಸಿನ ಕಂಡಕ್ಟರರು ಅದನ್ನು ಚಿಕ್ಕದು ಮಾಡಿ ‘ಕೇಂದ್ರಾ, ಕೇಂದ್ರಾ’ ಎಂದು ಕೂಗುತ್ತಾರೆ. ಕೇಂದ್ರದ ರಸ್ತೆಗಳು ಗೆರೆ ಕೊರೆದಂತೆ ನೇರವಾಗಿವೆ, ಅಗಲವಾಗಿವೆ. ಅಷ್ಟು ಅಗಲದ ರಸ್ತೆಯಲ್ಲಿ ಎದುರು ಮನೆಯವರನ್ನು ಮಾತಾಡಿಸಬೇಕಾದರೆ ಕೂಗಬೇಕು ಎಂದು ಅಲ್ಲಿಯವರೊಬ್ಬರು ಹೇಳಿದರು.

ಇದು ಮುಗಿದ ಕಥೆಯೂ ಅಲ್ಲ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುತ್ತ ಬಂದದ್ದು 519.6 ಮೀಟರಿನವರೆಗೆ, ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರಿಗೆ ಅನುಮತಿ ನೀಡಿದೆ. ಲೆಕ್ಕದಲ್ಲಿ ಐದು ಮೀಟರು ತುಂಬುವುದಿಲ್ಲ. ಆದರೆ ಕೃಷ್ಣೆಯ ದಂಡೆಯ ಇಳಿಜಾರು ಬಹಳ ಮೆಲ್ಲನೆಯದು. ಎತ್ತರದಲ್ಲಿ ಒಂದು ಮೀಟರು ಏರಿದ ನೀರು ಹೊಲದ ಮೇಲೆ ಎಷ್ಟೋ ದೂರ ಹಬ್ಬುತ್ತದೆ. ಮುಳುಗಡೆಯ ಅಂಚಿನ ಊರುಗಳಲ್ಲಿ ಮನೆ ರಿಪೇರಿ ಮಾಡಿಸಬೇಕೋ ಬೇಡವೋ ಎಂಬುದೇ ಒಂದು ದೊಡ್ಡ ಪ್ರಶ್ನೆ. ಹೋಗಲಿರುವ ಮನೆಗೆ ಸುಣ್ಣ ಬಳಿಯುವವರು ಯಾರು? ಬಳಿಯದೆ ಹಬ್ಬ ಮಾಡುವವರಾದರೂ ಯಾರು?

ಮುಳುಗಿದ ಓಣಿ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯ ಮುಖ್ಯ ಊರಾದ ಬಾಗಲಕೋಟೆಯನ್ನು ನೋಡಬೇಕು. ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ಒಂದು ಭಾಗ ಹಿನ್ನೀರಿಗೆ ಹೋಯಿತು. ಮುಳುಗಡೆಯಾದವರಿಗಾಗಿ ಎತ್ತರದಲ್ಲಿ ನವನಗರ ಕಟ್ಟಿದರು. ಅಲ್ಲಿ ಓಣಿಗಳಿಲ್ಲ, ಸೆಕ್ಟರುಗಳಿವೆ, ಅವಕ್ಕೆ ಸಂಖ್ಯೆಗಳಿವೆ. ಮಗಳನ್ನು ಎಲ್ಲಿಗೆ ಕೊಟ್ಟಿರಿ ಎಂದರೆ, “ಬಾಗಲಕೋಟಿ ಸೆಕ್ಟರ್ ಇಷ್ಟರಾಗ” ಎಂದು ಹೇಳುವ ತಂದೆಯನ್ನು ಕಂಡಾಗ ಮೊದಮೊದಲು ನನಗೆ ನಗು ಬರುತ್ತಿತ್ತು, ಈಗ ರೂಢಿಯಾಗಿದೆ. ಆದರೆ ಆ ಊರಿನ ಹೋಳಿ ಬಹಳ ಪ್ರಸಿದ್ಧವಾದುದು. ಹಲಗಿ ಬಾರಿಸುತ್ತ, ಬಂಡಿಗಳಲ್ಲಿ ಬಣ್ಣದ ಬ್ಯಾರಲ್ಲು ಹೇರಿಕೊಂಡು ದಿನಗಟ್ಟಲೆ ಆಡುತ್ತಾರೆ. ಬಂಡಿಗಳ ಸರದಿ ಐದು ಭಾಗಗಳ ಹೆಸರಿನಲ್ಲಿ ನಡೆದುಬಂದಿದೆ: ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ. ಸೆಕ್ಟರಿನ ಹೆಸರಿನಲ್ಲಿ ಬಂಡಿ ಹೊರಡುವುದಿಲ್ಲ. ನವನಗರದ ಹುಡುಗ ಹೋಳಿಯ ದಿನ ಇಳಿದು ಹಳೆಯ ಊರಿಗೆ ಬಂದರೆ, “ಯಾವ ಪೇಟಿಯವ್ವೋ ತಮ್ಮಾ?” ಎಂದು ಬಂಡಿಯ ಮೇಲಿನವರು ಕೇಳುತ್ತಾರೆ. ಅವನು ಹುಟ್ಟುವುದಕ್ಕೆ ಮೊದಲೇ ಅವನ ಮನೆಯ ಓಣಿ ನೀರಿನಲ್ಲಿತ್ತು. ಆದರೂ ಅವನು ಮನೆಯಲ್ಲಿ ಕೇಳಿ ತಿಳಿದುಕೊಂಡೇ ಬಂದಿರುತ್ತಾನೆ. ಅಜ್ಜನ ಪೇಟೆಯ ಹೆಸರು ಹೇಳಿ ಬಂಡಿ ಹತ್ತುತ್ತಾನೆ.